ಸೆಕ್ಷನ್ 44 ಓದಿಸ್ತಾರೆ, ಕಾಗೋಡು ಹೇಳಲ್ಲ

14 ಮಾರ್ಚ್ 2026, ಶನಿವಾರ
ಸಾಗರ

ನಿನ್ನೆ ಶಿವಮೊಗ್ಗದಲ್ಲಿ ನಮ್ಮ ಲಾ ಕ್ಲಾಸಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆ. ಸೆಕ್ಷನ್ 44 ಪ್ರಕಾರ 1974 ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರ್ತು, ಅದು ತನ್ನ ಹೆಸರಿಗೆ ಆಗೋಕೆ ಗೇಣಿದಾರ 48ಎ ಪ್ರಕಾರ ಭೂ ಟ್ರಿಬ್ಯೂನಲ್ಲಿಗೆ ಫಾರಂ 7 ಅನ್ನೋ ಅರ್ಜಿ ಹಾಕ್ಬೇಕಿತ್ತು, ಬರ್ಕೊಳಿ, ಪರೀಕ್ಷೆಗೆ ಬರತ್ತೆ. ಅಷ್ಟೇ ಪಾಠ. ಹಿಂದಿನ ಬೆಂಚಿನ ಹುಡುಗಿ ಎದ್ದು, ಸಾರ್, 2020ರಲ್ಲಿ 79ಎ, 79ಬಿ ತೆಗ್ದು ಕೃಷಿಕರಲ್ಲದೋರೂ ಜಮೀನು ಕೊಳ್ಳಬಹುದು ಅಂತ ಮಾಡಿದ್ರಲ್ಲ, ಅದು ಈ ಕಾಯ್ದೆ ಉದ್ದೇಶಕ್ಕೇ ವಿರುದ್ಧ ಅಲ್ವಾ ಅಂದ್ಲು. "ಕ್ಲಾಸಲ್ಲಿ ರಾಜಕೀಯ ಬೇಡಮ್ಮ, ಕೂತ್ಕೋ" ಅಂದ್ರು ಮೇಷ್ಟ್ರು.

ರಾತ್ರಿ ಊರಿಗೆ ಬಂದ್ಮೇಲೂ ತಲೇಲಿ ಅದೇ. ಈ ಕಾಯ್ದೇಲಿ ರಾಜಕೀಯ ತೆಗೆದ್ರೆ ಉಳಿಯೋದು ಎಂತ? ನಮ್ಮ ತಾಲೂಕಿನ ಕಾಗೋಡಲ್ಲಿ 1951ರಲ್ಲಿ ದೀವರ ಜಾತಿಯ ಗೇಣಿದಾರರು ತಿರುಗಿ ಬಿದ್ದಿದ್ದು ಭತ್ತ ಅಳೆಯೋ ಕೊಳಗದ ಮೇಲೆ, ಜಮೀನು ಒಡೆಯರ ಕೊಳಗ ದೊಡ್ಡದು, ಗೇಣಿ ಅದ್ರಲ್ಲೇ ಅಳೀಬೇಕು, ಇಷ್ಟು ದಿನ ಅಳೆದವ್ರು ಇನ್ನು ಅಳೆಯಲ್ಲ ಅಂದ್ರು, ಗಣಪತಿಯಪ್ಪ ಮುಂದೆ ನಿಂತ್ರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡ್ರು ಬಂದ್ರು, ಅದೇ ಪಕ್ಷದ ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದ್ರು. ಅದೇ ವರ್ಷ ದಿಲ್ಲೀಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ, ಜಮೀನ್ದಾರಿ ರದ್ದತಿ ಕಾನೂನುಗಳು ಕೋರ್ಟಲ್ಲಿ ಬೀಳ್ಬಾರ್ದು ಅಂತ 31ಎ, 31ಬಿ ವಿಧಿಗಳು, ಒಂಬತ್ತನೇ ಶೆಡ್ಯೂಲು ಸೇರಿಸಿದ್ರು. ದಿಲ್ಲೀದು ಬಾಯಿಪಾಠ ಮಾಡ್ತೀವಿ, ಕಾಗೋಡಿಂದು ಯಾವ ಪೇಪರಲ್ಲೂ ಇಲ್ಲ. ಶಿವಮೊಗ್ಗದಲ್ಲಿ ಕೂತು ಲಾ ಓದೋರಿಗೆ ಇದು ಅನ್ಯಾಯ.

ವಿದ್ಯಾರ್ಥಿ ಸಂಘಟನೆಯೋರಾದ್ರೂ ಹೇಳ್ಕೊಡ್ತಾರಾ ಅಂದ್ರೆ ಅದೂ ಇಲ್ಲ. ಕ್ಯಾಂಟೀನ್ ಹತ್ರ ಒಬ್ಬ ಪ್ರಶ್ನೆ ಕೇಳಿದ ಆ ಹುಡುಗಿಗೆ ಮೆಂಬರ್‌ಶಿಪ್ ಚೀಟಿ ಹಿಡಿದ, ಇನ್ನೊಂದು ಕಡೆಯವ್ನು ನೀನು ಅವ್ರ ಪೈಕಿನಾ ಅಂತ ಜಗಳಕ್ಕೇ ಬಂದ. 2020ರ ತಿದ್ದುಪಡಿ ಓದಿದ್ಯಾ ಅಂತ ಕೇಳಿದೆ. ಇಬ್ರೂ ಓದಿಲ್ಲ.

ನಮ್ಮ ಕ್ಲಾಸಲ್ಲೇ ಅಜ್ಜ ಡಿಕ್ಲರೇಷನ್ (ಅದೇ ಫಾರಂ 7) ಹಾಕಿ ಗದ್ದೆ ಪಡ್ಕೊಂಡ ಹುಡುಗ ಇದಾನೆ. ಪ್ರಶ್ನೆ ಕೇಳಿದವಳ ಮನೇದು ಉಲ್ಟಾ, ಅವಳ ಮುತ್ತಜ್ಜಿ ವಿಧವೆ, ಉಳೋಕೆ ಜನ ಇಲ್ದೆ ಗೇಣಿಗೆ ಕೊಟ್ಟಿದ್ದ ಎರಡೆಕ್ರೆ ಹೋಯ್ತು, ಆದ್ರೂ ಆ ಕಾನೂನು ಬೇಕಿತ್ತು ಅಂತಾಳೆ, ಮನೇಲಿ ಹೇಳಿದ್ರೆ ಅಪ್ಪಯ್ಯ ಊಟ ಬಿಟ್ಟು ಏಳ್ತಾರಂತೆ. ಇಂಥೋರನ್ನ ಎದುರುಬದುರು ನಿಲ್ಲಿಸಿ ವಾದ ಮಾಡಿಸ್ಬೇಕು ಮೇಷ್ಟ್ರು. ತಮ್ಮ ವಿಚಾರ ಹೇಳ್ಲಿ ಬೇಕಾದ್ರೆ, ಅದಕ್ಕೆ ಎದುರು ಮಾತಾಡಿದವ್ರ ಇಂಟರ್ನಲ್ ಮಾರ್ಕ್ಸ್ ಮುಟ್ಬಾರ್ದು, ಅಷ್ಟೇ ನಾನು ಕೇಳೋದು.

ಸೋಮವಾರ ಮಧ್ಯಾಹ್ನ ಲೈಬ್ರರಿ ಹಿಂದೆ ನಾವೇ ಮಾಡ್ತಿದೀವಿ. ತನಗೆ ಒಪ್ಪದಿದ್ರೂ ಅವಳು 2020ರ ತಿದ್ದುಪಡಿ ಪರ ವಾದಿಸ್ಬೇಕು, ಆ ಹುಡುಗ ಒಡೆಯರ ಪರ. ಚೀಟಿ ಹಿಡಿದವನನ್ನೂ ಕರ್ದಿದೀನಿ, ಓದ್ಕೊಂಡು ಬಾ ಅಂತ ಗೆಜೆಟ್ ಪಿಡಿಎಫ್ ಕಳ್ಸಿದೀನಿ.