ಅಕ್ಟೋಬರ್‌ನ ಸೂಜಿ ಕಕ್ಕಡದ ಮಳೆಗೆ ಸಾಲದು

ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಔಷಧ ಅಂಗಡಿಗಳ ಬಾಗಿಲಲ್ಲಿ ಫ್ಲೂ ಲಸಿಕೆಯ ಬೋರ್ಡು ಕಾಣುತ್ತದೆ. 65 ದಾಟಿದವರಿಗೆ, ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆಯಂಥ ತೊಂದರೆ ಇರುವವರಿಗೆ ಪುಕ್ಕಟೆ. ಶಾಲೆ ಮಕ್ಕಳಿಗೆ ಸಾಮಾನ್ಯವಾಗಿ ಸೂಜಿಯೂ ಇಲ್ಲ, ಮೂಗಿಗೆ ಸಿಂಪಡಿಸುತ್ತಾರೆ. ಇದನ್ನು ನೋಡಿದ, ಇಲ್ಲಿ ನೆಲೆಸಿರುವ ಕೊಡಗಿನ ಮನೆಗಳ ಮಕ್ಕಳು ವಿರಾಜಪೇಟೆಗೋ ಸೋಮವಾರಪೇಟೆಗೋ ಫೋನು ಮಾಡಿ, ‘ಅಪ್ಪಾ, ಅಕ್ಟೋಬರ್‌ನಲ್ಲಿ ನೀವೂ ಹಾಕಿಸ್ಕೊಳ್ಳಿ’ ಎನ್ನುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ.

ಅಕ್ಟೋಬರ್ ಎಂಬುದು ಇಂಗ್ಲೆಂಡಿನ ಡಿಸೆಂಬರ್-ಜನವರಿಯ ಚಳಿಗೆ ಹಾಕಿದ ಲೆಕ್ಕ. ದಕ್ಷಿಣ ಭಾರತದಲ್ಲಿ ಫ್ಲೂ ಹೆಚ್ಚಾಗಿ ಏರುವುದು ಮಳೆಗಾಲದಲ್ಲಿ. ಜನವರಿ-ಮಾರ್ಚ್‌ನಲ್ಲಿ, ಅಂದರೆ ಕಾಫಿ ಕುಯ್ಲಿನ ಹೊತ್ತಿಗೆ, ಇನ್ನೊಂದು ಸುತ್ತು. ಲಸಿಕೆ ಕೆಲಸ ಶುರುಮಾಡಲು ಎರಡು ವಾರ ಬೇಕು, ತಿಂಗಳುಗಳು ಕಳೆದಂತೆ ಅದರ ಬಲ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಹಾಕಿಸಿಕೊಂಡದ್ದು ಜುಲೈ ನಡುವಿನಲ್ಲಿ ಶುರುವಾಗುವ ಕಕ್ಕಡಕ್ಕೆ, ಕೊಡವರ ಆ ಮಳೆ ತಿಂಗಳಿಗೆ, ಎಷ್ಟು ಉಳಿದೀತು? ಕೊಡಗಿನವರಿಗೆ ಸರಿಯಾದ ಕಾಲ ಏಪ್ರಿಲ್ ಕೊನೆಯಿಂದ ಮೇ.

ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯಲ್ಲಿರಬೇಕಾದ ವೈರಸ್ ತಳಿಗಳನ್ನು ವರ್ಷಕ್ಕೆರಡು ಸಲ ಸೂಚಿಸುತ್ತದೆ: ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ. ಭಾರತ ಇರುವುದು ಉತ್ತರ ಗೋಳಾರ್ಧದಲ್ಲೇ ಆದರೂ ಮೇ ತಿಂಗಳಲ್ಲಿ ಕೇಳಬೇಕಾದದ್ದು ಆ ವರ್ಷದ ದಕ್ಷಿಣ ಗೋಳಾರ್ಧದ್ದು, ಆಗ ಹೊಸದು ಅದೇ. ಹಳೆಯ ದಾಸ್ತಾನು ಕೈಗೆ ಬರದಂತೆ ಡಬ್ಬಿಯ ಮೇಲಿನ ವರ್ಷವನ್ನೂ ಅವಧಿಯನ್ನೂ ಓದಿ ನೋಡಿ. ಇನ್ನೊಂದು ಮಾತು ಫ್ರಿಜ್ಜಿನದು. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು; ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಮಳೆ ಹಿಡಿದು ಮರ ಬಿದ್ದು ಎರಡು ದಿನ ಕರೆಂಟು ಹೋದ ಮೇಲೆ ಹಾಕಿಸಿಕೊಳ್ಳುವವರು, ಜನರೇಟರ್ ಓಡಿತ್ತೇ ಎಂದು ಮುಲಾಜಿಲ್ಲದೆ ಕೇಳಬೇಕು.

ಆರು ತಿಂಗಳು ತುಂಬಿದ ಕೂಸಿನಿಂದ ಹಿಡಿದು ಹೆಚ್ಚುಕಡಿಮೆ ಎಲ್ಲರಿಗೂ ಕೊಡಬಹುದು. ಒಂಬತ್ತು ತುಂಬದ ಮಕ್ಕಳಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಸೂಜಿಯಿಂದಲೇ ಫ್ಲೂ ಬಂತೆನ್ನುವುದು ಸುಳ್ಳು, ಅದರಲ್ಲಿ ಜೀವಂತ ವೈರಸ್ ಇಲ್ಲ. ತೋಳು ನೋವು, ಒಂದೆರಡು ದಿನ ಮೈ ಬೆಚ್ಚಗಾಗುವುದು ಸಹಜ.

ಉಳಿದದ್ದು ಗಾಳಿಯ ವಿಷಯ. ಜಡಿಮಳೆಯಲ್ಲಿ ಕಿಟಕಿ ಮುಚ್ಚಿ ಮನೆಮಂದಿಯೆಲ್ಲ ಒಲೆ ಸುತ್ತ ಕೂರುತ್ತಾರೆ. ಟರ್ಪಾಲ್ ಇಳಿಬಿಟ್ಟ ಜೀಪಿನಲ್ಲಿ ಹತ್ತು-ಹನ್ನೆರಡು ಆಳು ಒತ್ತಿಕೊಂಡು ತೋಟಕ್ಕೆ ಹೋಗುತ್ತಾರೆ. ವೈರಸ್ಸಿಗೆ ಇದಕ್ಕಿಂತ ಅನುಕೂಲ ಬೇಡ. ಗಾಳಿಮಳೆ ಹೊಡೆಯದ ಕಡೆಯ ಎರಡು ಕಿಟಕಿ ನಾಲ್ಕು ಬೆರಳಷ್ಟಾದರೂ ತೆರೆದಿರಲಿ, ಜೀಪಿನ ಹಿಂದಿನ ಟರ್ಪಾಲ್ ಮೇಲಕ್ಕಿರಲಿ. ಕೆಮ್ಮುವವರು ಮಾಸ್ಕ್ ಹಾಕಲಿ. ಕೈಗೆ ಸೋಪು, 20 ಸೆಕೆಂಡು. ಕಕ್ಕಡ 18ರ ಮದ್ದುಸೊಪ್ಪಿನ ಪಾಯಸ ಬೇಕಾದಷ್ಟು ಉಣ್ಣಿ, ಲಸಿಕೆಯ ಬದಲಿಗೆ ಮಾತ್ರ ಬೇಡ. ಬ್ರಾಂದಿಯೂ ಅಷ್ಟೇ, ಗಂಟಲಿಗಿಳಿದು ವೈರಸ್ ಕೊಲ್ಲುವುದಿಲ್ಲ.

ಸೋಂಕು ತಗುಲಿದವರು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಹರಡುತ್ತಾರೆ, ಆಮೇಲೆ ಐದರಿಂದ ಏಳು ದಿನ. ಬೇರೆ ಕೋಣೆ ಕೊಡಿ. ಪ್ಯಾರಾಸಿಟಮಾಲ್ ಇಲ್ಲದೆಯೇ 24 ಗಂಟೆ ಜ್ವರ ಬಾರದ ಮೇಲೆ ಕೆಲಸಕ್ಕೆ ಕಳಿಸಿ. ವಯಸ್ಸಾದವರಿಗೆ, ಗರ್ಭಿಣಿಯರಿಗೆ ಜ್ವರ ಬಂದರೆ ಕಾಯಬೇಡಿ: ವೈದ್ಯರು ಬರೆಯುವ ಫ್ಲೂ ಔಷಧ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಕಣ್ಣು ಕೆಂಪಾಗಿ ಮೀನಖಂಡ ನೋಯುತ್ತಿದ್ದರೆ ಅದು ಇಲಿಜ್ವರವೂ ಇರಬಹುದು. ಡೆಂಗಿಯ ಕಾಲವೂ ಮಳೆಗಾಲವೇ, ಹಾಗಾಗಿ ಆಸ್ಪಿರಿನ್, ಐಬುಪ್ರೊಫೆನ್ ನೀವಾಗಿ ನುಂಗಬೇಡಿ.

ಡಿಸೆಂಬರ್‌ನಲ್ಲಿ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಬರುವ ಅಪ್ಪ-ಅಮ್ಮಂದಿರದು ಬೇರೆ ಲೆಕ್ಕ. ಅವರು ವಿಮಾನ ಹತ್ತುವ ಎರಡು ವಾರ ಮೊದಲೇ ಉತ್ತರ ಗೋಳಾರ್ಧದ ಲಸಿಕೆ ಹಾಕಿಸಿಕೊಂಡಿರಬೇಕು. ಮೇನಲ್ಲಿ ಒಂದು ಆಗಿದ್ದರೆ ಮತ್ತೊಂದು ಬೇಕೇ ಎಂದು ವೈದ್ಯರನ್ನು ಕೇಳಿ.