ಒಂದು ಗಂಟೆಯ ಬಿಡುಗಡೆ

ಅಮೆರಿಕದ ಲೇಖಕಿ ಕೇಟ್ ಶೋಪಿನ್ 1894ರಲ್ಲಿ ಬರೆದ ‘ದಿ ಸ್ಟೋರಿ ಆಫ್ ಆನ್ ಅವರ್’ ಓದಿದೆ. ಪುಟ್ಟ ಕಥೆ. ಗಂಡ ರೈಲು ಅಪಘಾತದಲ್ಲಿ ಸತ್ತ ಅಂತ ಸುದ್ದಿ ಬರುತ್ತದೆ. ಹೆಂಡತಿ ಲೂಯಿಸ್ ಅಳುತ್ತಾಳೆ, ಸುಮ್ನೆ ತೋರಿಕೆಗಲ್ಲ. ಆಮೇಲೆ ಕಿಟಕಿ ಮುಂದೆ ಒಬ್ಬಳೇ ಕೂತಾಗ, ಇನ್ನು ಬರುವ ವರ್ಷಗಳೆಲ್ಲ ತನ್ನವೇ ಅನ್ನಿಸಿಬಿಡುತ್ತದೆ. ಗಂಡ ಕೆಟ್ಟವನಲ್ಲ. ನನ್ನನ್ನು ಜಾಸ್ತಿ ಕಾಡಿದ್ದು ಅದೇ. ಹೊಡೆಯುವವನಾಗಿದ್ದರೆ ನಾವೆಲ್ಲ ತಕ್ಷಣ ಅವಳ ಪರ ನಿಲ್ಲುತ್ತಿದ್ದೆವು, ಅಲ್ವಾ? ಕೊನೆಗೆ ಅವನು ಜೀವಂತ ಬರುತ್ತಾನೆ, ಇವಳು ಸಾಯುತ್ತಾಳೆ. ಖುಷಿ ತಡೆಯಲಾರದೆ ಸತ್ತಳು ಅಂತಾರೆ ಡಾಕ್ಟರುಗಳು!

ದಾವಣಗೆರೆಯ ಕುಂದವಾಡ ಕೆರೆ ಹತ್ತಿರ ವಾಕಿಂಗ್ ಮಾಡುತ್ತಾ ಗೆಳತಿಗೆ ಇದನ್ನು ಹೇಳಿದೆ. “ನಮ್ಮನೆಯವ್ರೂ ಒಳ್ಳೆಯವ್ರೇ ಕಣೆ” ಅಂದಳು. “ಆದ್ರೂ ಅವ್ರು ಊರಿಗೆ ಹೋದ ದಿನ ನಾನು ಒಲೆ ಹಚ್ಚಲ್ಲ. ಮಂಡಕ್ಕಿ, ಮಿರ್ಚಿ, ಟಿವಿ ರಿಮೋಟು, ಎಲ್ಲಾ ನಂದೇ.”