ಸಂಕದ ಅಗಲ 4 ಅಡಿ 2 ಇಂಚು

ಡೆಮೊ ಟ್ರ್ಯಾಕ್ಟರುಗಳು ಬರುವುದು ಹತ್ತು ಗಂಟೆಗೆ ಎಂದಾಗಿತ್ತು. ಏಳೂವರೆಗೇ ಅಳತೆ ಟೇಪು, ಒಂದು ಅಡಿಕೆ ದಬ್ಬೆ, ಸುಣ್ಣದ ಡಬ್ಬಿ ಹಿಡಿದು ತೋಟಕ್ಕೆ ಇಳಿದದ್ದು ಒಳ್ಳೆಯದೇ ಆಯಿತು. ಶಿರಸಿಯಿಂದ ಹುಲೇಕಲ್ ಕಡೆ ಹೋಗುವಾಗ ಒಳಗೆ ಸಿಗುವ ಕಣಿವೆ. 3 ಎಕರೆ ಅಡಿಕೆ, ತಗ್ಗಿನಲ್ಲಿ 30 ಗುಂಟೆ ಗದ್ದೆ, ಹಿಂದೆ ಸೊಪ್ಪಿನ ಬೆಟ್ಟ. ಮನೆ, ಕೊಟ್ಟಿಗೆ, ಅಂಗಳ ಎಲ್ಲ ಮೇಲೆ, ತೋಟ ಕೆಳಗೆ. ದೀಪಾವಳಿ ಮುಗಿದು ಅಡಿಕೆ ಗೊನೆ ಕೊಯ್ಲು ಶುರುವಾಗುವ ಮೊದಲಿನ ವಾರ. ಆಳು ಸಿಗದೆ ಗೊಬ್ಬರ ಗುಂಡಿಯಲ್ಲೇ ಕೂತಿತ್ತು, ಹಾಗಾಗಿ ಸಣ್ಣ ಟ್ರ್ಯಾಕ್ಟರ್ ಯೋಚನೆ.

ಮೊದಲು ಅಳೆದದ್ದು ಸಾಲುಗಳ ಅಂತರ. ಹೊಸ ನಾಟಿಯಲ್ಲಿ ಸರಿಯಾಗಿ 9 ಅಡಿಗೆ 9 ಅಡಿ. ಈ ಲೆಕ್ಕದಲ್ಲಿ ಎಕರೆಗೆ ಸುಮಾರು 540 ಮರ. ಹಳೆಯ ಭಾಗದಲ್ಲಿ ಸತ್ತ ಮರದ ಜಾಗಕ್ಕೆ ಸಸಿ ನೆಟ್ಟು ನೆಟ್ಟು ಸಾಲು ಎಂಬುದೇ ಉಳಿದಿಲ್ಲ; 7 ಅಡಿ ಸಿಕ್ಕರೆ ಪುಣ್ಯ. ಅದರಲ್ಲೂ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಎರಡೂ ಕಡೆ ಒಂದೊಂದು ಅಡಿ ತಿನ್ನುತ್ತದೆ. ನಡುವೆ ಬಾಳೆ, ಏಲಕ್ಕಿ, ಸ್ಪ್ರಿಂಕ್ಲರ್ ಪೈಪು. ಹಾಗಾಗಿ ಕಾಗದದ ಮೇಲಿನ 9 ಅಡಿ ನೆಲದ ಮೇಲೆ 5 ಅಡಿ. ಆಮೇಲೆ ಅಳೆದದ್ದು ಹೆಗ್ಗಾಲುವೆ ದಾಟುವ ಸಂಕ, ಎಂದರೆ ಕಿರುಸೇತುವೆ. 4 ಅಡಿ 2 ಇಂಚು. ಆ ದಿನದ ಎಲ್ಲ ಮಾತೂ ಕೊನೆಗೆ ತಿರುಗಿ ಬಂದು ನಿಂತದ್ದು ಇದೇ ಸಂಖ್ಯೆಯ ಮೇಲೆ.

ಪೇಟೆಯಲ್ಲಿ ಮಾತು ಶುರುವಾಗುವುದು ಎಚ್.ಪಿ.ಯಿಂದ. ಸ್ವರಾಜ್ ಕೋಡ್ ಎಂದರೆ 11, ಮಹೀಂದ್ರ ಯುವರಾಜ್ 215 ಎಂದರೆ 15 ಮತ್ತು ಒಂದೇ ಸಿಲಿಂಡರ್, ವಿಎಸ್‌ಟಿ ಶಕ್ತಿಯ ಸಣ್ಣದು 18.5, ಕುಬೋಟಾ ನಿಯೋಸ್ಟಾರ್ ಎ211ಎನ್ 21, ಜಿವೊ 245 ಎಂದರೆ 24. ಹೆಸರುಗಳು ಬಾಯಿಪಾಠ. ಆದರೆ ನಮ್ಮ ಏರಿಗೆ ಎಷ್ಟು ಎಚ್.ಪಿ. ಬೇಕು ಎಂದು ಲೆಕ್ಕ ಹಾಕಿದವರು ಕಡಿಮೆ. ಅಂದು ಅಂಗಳದ ಮೂಲೆಯಲ್ಲಿ ಕೂತು ಹಾಕಿದ ಲೆಕ್ಕ ಇದು.

ತೋಟದಿಂದ ಮನೆಗೆ ಹತ್ತುವ ದಾರಿ 6 ಅಡಿ ನಡೆದರೆ 1 ಅಡಿ ಏರುತ್ತದೆ. ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ನೋಡಿದ್ದು, ಕಣ್ಣಂದಾಜಲ್ಲ. ಟ್ರ್ಯಾಕ್ಟರ್ 800 ಕಿಲೊ, ಖಾಲಿ ಟ್ರಾಲಿ 400, ಹಸಿ ಅಡಿಕೆ ಗೊನೆಯೋ ಗೊಬ್ಬರವೋ 1000, ಓಡಿಸುವವ 60. ಒಟ್ಟು 2260 ಕಿಲೊ. ಏರಿಗೇ ಅದರ ಆರರಲ್ಲೊಂದು ಪಾಲು, ಎಂದರೆ ಸುಮಾರು 370 ಕಿಲೊ ಎಳೆತ ಬೇಕು. ಮಣ್ಣುದಾರಿಯಲ್ಲಿ ಗಾಲಿ ಉರುಳುವುದಕ್ಕೇ ಇನ್ನೊಂದು 160. ಒಟ್ಟು 530. ಇದನ್ನು ನಡಿಗೆಯ ವೇಗದಲ್ಲಿ, ಗಂಟೆಗೆ ಮೂರೂವರೆ ಕಿಲೋಮೀಟರಿನಲ್ಲಿ, ಎಳೆಯಲು ಬೇಕಾದದ್ದು 7 ಎಚ್.ಪಿ. ಮಾತ್ರ! ಗೇರುಪೆಟ್ಟಿಗೆಯಲ್ಲಿ ಸೋರುವುದನ್ನೂ ಗಾಲಿ ಜಾರುವುದನ್ನೂ ಸೇರಿಸಿದರೆ 10 ಎನ್ನಿ. ಅಂದರೆ 15 ಎಚ್.ಪಿ. ಎಂಜಿನ್ನಿಗೂ ಈ ಏರು ದೊಡ್ಡದಲ್ಲ.

ತೊಡಕಿರುವುದು ಹಿಡಿತದಲ್ಲಿ. ಒಣಗಿದ ಗಟ್ಟಿ ಮಣ್ಣಿನಲ್ಲಿ, ಎಳೆಯುವ ಗಾಲಿಯ ಮೇಲೆ ಕೂತ ತೂಕದಲ್ಲಿ ರೂಪಾಯಿಗೆ ಅರವತ್ತು ಪೈಸೆಯಷ್ಟು ಮಾತ್ರ ಎಳೆತವಾಗಿ ಸಿಗುತ್ತದೆ. ಒದ್ದೆ ಜಂಬಿಟ್ಟಿಗೆ ಮಣ್ಣಿನಲ್ಲಿ, ಅದರ ಮೇಲೆ ದರಕು (ಒಣ ಎಲೆ) ಬಿದ್ದಿದ್ದರಂತೂ, ಮೂವತ್ತೈದು ನಲವತ್ತು ಪೈಸೆ. ನಾಲ್ಕೂ ಗಾಲಿ ಎಳೆಯುವ ಗಾಡಿಗೆ 800 ಕಿಲೊ, ಚಾಲಕನ 60, ಟ್ರಾಲಿಯ ಮೂಕಿ (ಗಾಡಿಗೆ ಸಿಕ್ಕಿಸುವ ಮುಂದಿನ ಕೋಲು) ಒತ್ತುವ 150 ಎಲ್ಲವೂ ಲೆಕ್ಕಕ್ಕೆ ಬಂದು ಒಣ ನೆಲದಲ್ಲಿ 600 ಕಿಲೊ ಎಳೆತ ಸಿಗುತ್ತದೆ, 530ಕ್ಕೆ ಸಾಕು. ಹಿಂದಿನ ಎರಡೇ ಗಾಲಿ ಎಳೆಯುವ ಗಾಡಿಯಲ್ಲಿ ಮುಂದಿನ ಗಾಲಿಯ ಮೇಲಿನ ತೂಕ ದಂಡ. ಏರಿನಲ್ಲಿ ಭಾರ ಹಿಂದಕ್ಕೆ ವಾಲುವುದರಿಂದ ಸ್ವಲ್ಪ ಸಹಾಯವಾಗುತ್ತದೆ, ಆದರೆ ಅದೇ ಹೊತ್ತಿಗೆ ಮೂತಿ ಹಗುರಾಗಿ ಸ್ಟೀರಿಂಗ್ ಕೈಬಿಡುತ್ತದೆ.

ಹತ್ತೂವರೆಗೆ ಬಂದ ಮೊದಲ ಗಾಡಿ ಅದನ್ನೇ ತೋರಿಸಿತು. 15 ಎಚ್.ಪಿ.ಯದು, ಹಿಂದಿನ ಗಾಲಿ ಎಳೆತ. ಟ್ರಾಲಿಯಲ್ಲಿ ಇಪ್ಪತ್ತು ಬುಟ್ಟಿ ಗೊಬ್ಬರ ಇರುವಷ್ಟು ಹೊತ್ತು ಚೆನ್ನಾಗಿಯೇ ಹತ್ತಿತು. ಮೂವತ್ತೈದು ಬುಟ್ಟಿಗೆ ಏರಿನ ನಡುವೆ ಹಿಂದಿನ ಟೈರಿನ ಹಲ್ಲುಗಳ ನಡುವೆ ಕೆಂಪು ಮಣ್ಣು ತುಂಬಿಕೊಂಡು ಟೈರು ನುಣ್ಣಗಾಯಿತು, ಅಲ್ಲೇ ಗುಂಡಿ ತೋಡತೊಡಗಿತು. ಚಾಲಕ ಆಕ್ಸಲರೇಟರ್ ಒತ್ತಿದ. ಮುಂದಿನ ಗಾಲಿಗಳೆರಡೂ ನೆಲದಿಂದ ಗೇಣು ಮೇಲೆ. ಆತ ತಕ್ಷಣ ಕ್ಲಚ್ ತುಳಿದದ್ದರಿಂದ ಮೂತಿ ಕೆಳಗೆ ಕೂತಿತು, ಹಿಂದೆ ಅಡೆಗಲ್ಲು ಹಿಡಿದು ನಿಂತಿದ್ದವ ಟ್ರಾಲಿ ಗಾಲಿಗೆ ಕೊಟ್ಟ. ಇಂಥ ಹೊತ್ತಿನಲ್ಲಿ ಟ್ರಾಲಿ ಸಿಕ್ಕಿಸಿದ ಎತ್ತರ ಮುಖ್ಯ. ಕೆಳಗಿನ ಡ್ರಾಬಾರಿಗೆ (ಎಳೆಯುವ ಪಟ್ಟಿಗೆ) ಸಿಕ್ಕಿಸಿದ್ದರೆ ಗಾಡಿ ಇಷ್ಟಕ್ಕೇ ನಿಲ್ಲುತ್ತದೆ. ಹಗ್ಗವನ್ನೋ ಸರಪಳಿಯನ್ನೋ ಉಪಕರಣ ಹಿಡಿಯುವ ಮೇಲಿನ ಲಿಂಕಿಗೆ ಕಟ್ಟಿ ಮರದ ದಿಮ್ಮಿ ಎಳೆಯುವವರಿದ್ದಾರಲ್ಲ, ಅಲ್ಲಿ ಗಾಡಿ ಹಿಂದಿನ ಅಚ್ಚಿನ ಸುತ್ತ ಮಗುಚಿ ಚಾಲಕನ ಮೇಲೇ ಬೀಳುತ್ತದೆ. ಎಳೆತದ ಬಿಂದು ಅಚ್ಚಿಗಿಂತ ಕೆಳಗಿರಬೇಕು, ಅಷ್ಟೇ. ಮುಂದಕ್ಕೆ ತೂಕದ ಬಿಲ್ಲೆ ಹಾಕಿಸಬಹುದು, ಹಿಂದಿನ ಟೈರಿಗೆ ಮುಕ್ಕಾಲು ನೀರು ತುಂಬಿಸಬಹುದು. ಎರಡೂ ಕೆಲಸ ಮಾಡುತ್ತವೆ. ಆದರೆ ಎರಡು ಗಾಲಿಯ ಗಾಡಿಗೆ ತೂಕ ಕಟ್ಟಿ ಕಟ್ಟಿ ನಾಲ್ಕು ಗಾಲಿಯದನ್ನಾಗಿ ಮಾಡಲು ಬರುವುದಿಲ್ಲ.

ಎರಡನೆಯದು 20 ಎಚ್.ಪಿ. ಆಸುಪಾಸಿನದು, ನಾಲ್ಕು ಗಾಲಿ ಎಳೆತ. ಅದೇ ಲೋಡು ಹತ್ತಿತು. ಹತ್ತಿದ್ದಕ್ಕಿಂತ ಇಳಿದದ್ದು ಹೆಚ್ಚು ಇಷ್ಟವಾಯಿತು. ಸಣ್ಣ ಟ್ರ್ಯಾಕ್ಟರಿನಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗೆ ಮಾತ್ರ, ಟ್ರಾಲಿಗೆ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಲೋಡು ಹಿಂದಿನಿಂದ ದೂಡುತ್ತದೆ, ಗಾಲಿ ಲಾಕಾದರೆ ಟ್ರಾಲಿ ಮಗ್ಗುಲಿಗೆ ತಿರುಗಿ ಟ್ರ್ಯಾಕ್ಟರನ್ನು ದಾರಿಬದಿಯ ಧರೆಗೆ ಒತ್ತುತ್ತದೆ. ಫೋರ್ ವೀಲ್ ಹಾಕಿ, ಕೆಳಗಿನ ಗೇರಿನಲ್ಲಿ ಇಳಿಸಿದರೆ ಹಿಂದಿನ ಬ್ರೇಕಿನ ಹಿಡಿತ ಶಾಫ್ಟಿನ ಮೂಲಕ ಮುಂದಿನ ಗಾಲಿಗೂ ಸಿಗುತ್ತದೆ. ಎಡ ಬಲ ಬ್ರೇಕ್ ಪೆಡಲುಗಳನ್ನು ಸೇರಿಸುವ ಕೊಂಡಿ ಹಾಕಿದೆಯೇ ಎಂದು ಇಳಿಯುವ ಮೊದಲು ಕಾಲಲ್ಲೇ ತಡವಿ ನೋಡಬೇಕು. ಗದ್ದೆಯಲ್ಲಿ ತಿರುಗಿಸಲು ಬಿಚ್ಚಿದವರು ಹಾಕಲು ಮರೆಯುತ್ತಾರೆ. ಬ್ರೇಕು ಎಣ್ಣೆಯಲ್ಲಿ ಮುಳುಗಿದ ಡಿಸ್ಕಿನದೇ ಆಗಬೇಕು. ನಮ್ಮ ಮಳೆಗೆ, ನಮ್ಮ ಕೆಸರಿಗೆ ಒಣ ಬ್ರೇಕು ಆಗಿಬರುವುದಿಲ್ಲ. ಟಾರು ರಸ್ತೆ ಸಿಕ್ಕೊಡನೆ ಮಾತ್ರ ಫೋರ್ ವೀಲ್ ತೆಗೆಯಬೇಕು. ಮುಂದಿನ ಗಾಲಿ ಹಿಂದಿನದಕ್ಕಿಂತ ಒಂದಿಷ್ಟು ಮುಂದೋಡುವ ಹಾಗೆ ಗೇರು ಇಟ್ಟಿರುತ್ತಾರೆ; ಮಣ್ಣಿನಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತದೆ, ಟಾರಿನಲ್ಲಿ ಜಾರಲಾರದೆ ಟೈರನ್ನೂ ಮುಂದಿನ ಗೇರನ್ನೂ ತಿನ್ನುತ್ತದೆ. ಟೈರು ಬದಲಿಸುವಾಗ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಸೈಜು ಹಾಕಿದರೂ ಇದೇ ಗತಿ.

ನೆರೆಯವರೊಬ್ಬರು ಬೇಲಿಯಾಚೆಯಿಂದಲೇ ಕೇಳಿದರು, ಕೈಯಲ್ಲಿ ಹಿಡಿದು ನಡೆಸುವ ಎರಡು ಗಾಲಿಯ ಟಿಲ್ಲರ್ ಸಾಕಲ್ಲವೇ ಎಂದು. ನ್ಯಾಯವಾದ ಪ್ರಶ್ನೆ. ಟಿಲ್ಲರ್ ಅಗ್ಗ, ಸಪೂರ, ಗದ್ದೆಗೆ ಅದೇ ಮೇಲು. ಆದರೆ ಇಳಿಜಾರಿನಲ್ಲಿ ಟ್ರಾಲಿ ಕಟ್ಟಿದ ಟಿಲ್ಲರಿನ ಬುದ್ಧಿ ತಿರುಗುಮುರುಗು. ಸಮನೆಲದಲ್ಲಿ ಎಡಗೈ ಕ್ಲಚ್ ಒತ್ತಿದರೆ ಎಡಗಾಲಿಗೆ ಶಕ್ತಿ ತಪ್ಪಿ ಎಡಕ್ಕೇ ತಿರುಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಗಾಲಿಯನ್ನು ತಡೆಯುತ್ತಿರುತ್ತದೆ. ಎಡಗೈ ಒತ್ತಿದರೆ ಎಡಗಾಲಿ ಬಿಡುಗಡೆಯಾಗಿ ಮುಂದಕ್ಕೋಡಿ ಗಾಡಿ ಬಲಕ್ಕೆ ತಿರುಗುತ್ತದೆ. ಗೊತ್ತಿದ್ದವರಿಗೂ ಗಾಬರಿಯಲ್ಲಿ ಕೈ ತಪ್ಪುತ್ತದೆ. ಈ ತೋಟದ ದಾರಿಗೆ ಅದನ್ನು ಬಿಟ್ಟದ್ದು ಇದೊಂದೇ ಕಾರಣಕ್ಕೆ.

ಇನ್ನು ಸಂಕ. ಎರಡನೆಯ ಗಾಡಿಯ ಒಟ್ಟು ಅಗಲ ಟೇಪಿನಲ್ಲಿ 3 ಅಡಿ 6 ಇಂಚು ಬಂತು. ಎರಡು ಕಡೆ ನಾಲ್ಕು ನಾಲ್ಕು ಇಂಚು ಉಳಿಸಿ ಸಂಕ ದಾಟಿತು, ಎಲ್ಲರೂ ಚಪ್ಪಾಳೆ ತಟ್ಟುವುದೊಂದು ಬಾಕಿ. ಟ್ರಾಲಿ ಸಿಕ್ಕಿಸಿ ತಂದರೆ ಅದರ ಗಾಲಿಯ ಹೊರ ಅಂಚು 4 ಅಡಿ 9 ಇಂಚು! ಟ್ರ್ಯಾಕ್ಟರಿನ ಅಗಲ ಕೇಳುವವರು ಟ್ರಾಲಿಯ ಅಗಲ ಕೇಳುವುದಿಲ್ಲ. ಸಾಲದ್ದಕ್ಕೆ ತಿರುವಿನಲ್ಲಿ ಟ್ರಾಲಿ ಟ್ರ್ಯಾಕ್ಟರಿನ ಜಾಡಿನಲ್ಲಿ ಬರುವುದಿಲ್ಲ, ಒಳಮಗ್ಗುಲಿಗೆ ಕತ್ತರಿಸಿಕೊಂಡು ಬರುತ್ತದೆ. ದಬ್ಬೆ ಕುತ್ತಿ ಸುಣ್ಣದಲ್ಲಿ ಗುರುತು ಹಾಕುತ್ತ ಹೋದರೆ ದಣಪೆಯ (ಬೇಲಿ ಬಾಗಿಲಿನ) ತಿರುವಿನಲ್ಲಿ ಒಂದೂವರೆ ಅಡಿ ಒಳಗೆ ಸರಿದು ಒಂದು ಮೆಣಸಿನ ಬಳ್ಳಿಯ ಬುಡಕ್ಕೇ ಗಾಲಿ ಬಂದಿತ್ತು. ಟ್ರಾಲಿಯನ್ನು ಸ್ಥಳೀಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದಾದರೆ ಅಚ್ಚು ಟ್ರ್ಯಾಕ್ಟರಿನಷ್ಟೇ ಅಗಲಕ್ಕೆ, ಮೂಕಿ ಗಿಡ್ಡಕ್ಕೆ, ತೊಟ್ಟಿ ತಗ್ಗಕ್ಕೆ ಎಂದು ಹೇಳಿ ಮಾಡಿಸಬೇಕು. ಅಚ್ಚು ತೊಟ್ಟಿಯ ನಟ್ಟನಡುವೆ ಬೇಡ, ತುಸು ಹಿಂದೆ ಇರಲಿ. ಇಲ್ಲದಿದ್ದರೆ ಏರಿನಲ್ಲಿ ಲೋಡು ಹಿಂದಕ್ಕೆ ಜಗ್ಗಿ ಮೂಕಿ ಟ್ರ್ಯಾಕ್ಟರಿನ ಬಾಲವನ್ನೇ ಎತ್ತುತ್ತದೆ, ಇದ್ದ ಹಿಡಿತವೂ ಹೋಗುತ್ತದೆ. ಸಂಕವೂ ಎರಡು ಟನ್ನಿಗೆ ಹಾಕಿದ್ದಲ್ಲ. ಎರಡಡಿ ವ್ಯಾಸದ ಸಿಮೆಂಟ್ ಪೈಪು ಇಳಿಸಿ ಮೇಲೆ ಮಣ್ಣು ಕಲ್ಲು ತುಂಬಿ 7 ಅಡಿ ಅಗಲ ಮಾಡುವುದೆಂದು ಅಲ್ಲೇ ತೀರ್ಮಾನವಾಯಿತು. ಅದನ್ನು ಮಳೆಗಾಲಕ್ಕೆ ಮುಂಚೆ ಮುಗಿಸದಿದ್ದರೆ ಆಮೇಲೆ ಆಗುವುದಿಲ್ಲ.

ಬಸಿಗಾಲುವೆಗಳ ನಡುವಿನ ಬಣ್ಣಕ್ಕೆ (ಮರಗಳಿರುವ ಎತ್ತರದ ಪಟ್ಟೆಗೆ) ಗಾಡಿ ಹತ್ತಿಸುವ ಆಸೆಯನ್ನು ಮಾತ್ರ ಪೂರ್ತಿ ಬಿಡಬೇಕಾಯಿತು. ಅಡಿಕೆಯ ಬೇರು ಮೇಲುಮಣ್ಣಿನಲ್ಲೇ ಹರಡುವಂಥದ್ದು. ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆದರೆ ಬೇರು ಕಡಿಯುತ್ತದೆ, ಬರೀ ಓಡಾಡಿದರೂ ಹಸಿ ಮಣ್ಣು ಗಟ್ಟಿಯಾಗಿ ನೀರು ನಿಲ್ಲುತ್ತದೆ. ಕೊಳೆರೋಗದ ನಾಡಿನಲ್ಲಿ ಅಷ್ಟು ಸಾಕು. ಹೆಗ್ಗಾಲುವೆಯ ಪಕ್ಕ ಒಂದೇ ದಾರಿ, ಅಲ್ಲಿಂದ ಮರದ ಬುಡಕ್ಕೆ ಕೈಗಾಡಿ. ರೋಟವೇಟರ್ ಬೇಕಿರುವುದು 30 ಗುಂಟೆ ಗದ್ದೆಗೆ, ಅಷ್ಟಕ್ಕೆ ಕೃಷಿ ಯಂತ್ರಧಾರೆಯಿಂದ ಬಾಡಿಗೆಗೆ ತರುವುದು ಅಗ್ಗ. ಕೊಳ್ಳುವುದೇ ಆದರೆ ಅದರ ಅಗಲ ಹಿಂದಿನ ಟೈರುಗಳ ಹೊರ ಅಂಚನ್ನು ಮುಚ್ಚಬೇಕು, ಇಲ್ಲದಿದ್ದರೆ ಟೈರಿನ ಜಾಡು ಹಾಗೇ ಉಳಿಯುತ್ತದೆ. ಎಂಜಿನ್ ಎಚ್.ಪಿ. ನೋಡಿ ಅಲ್ಲ, ಪಿಟಿಒ ಎಚ್.ಪಿ. (ಹಿಂದಿನ ಉಪಕರಣ ತಿರುಗಿಸುವ ಶಾಫ್ಟಿಗೆ ಸಿಗುವ ಶಕ್ತಿ) ನೋಡಿ ತೆಗೆದುಕೊಳ್ಳಬೇಕು. ಮಧ್ಯಪ್ರದೇಶದ ಬುದ್ನಿಯ ಪರೀಕ್ಷಾ ಕೇಂದ್ರದ ವರದಿಯಲ್ಲಿ ಅದು ಇರುತ್ತದೆ. ಶೋರೂಮಿನವರು ಬಣ್ಣದ ಕರಪತ್ರ ಕೊಟ್ಟರೆ ಇದನ್ನು ಕೇಳಿ. ಲಿಫ್ಟ್, ಎಂದರೆ ಹಿಂದಿನ ಉಪಕರಣ ಎತ್ತುವ ಶಕ್ತಿ, 750 ಕಿಲೊ ಎಂದಿದ್ದರೂ ಅದು ಎತ್ತುವ ತೋಳಿನ (ಲಿಂಕಿನ) ತುದಿಯಲ್ಲಿ. ಎರಡಡಿ ಹಿಂದಕ್ಕೆ ತೂಕ ನಿಂತರೆ ಎತ್ತುವುದು ಅದಕ್ಕಿಂತ ಕಡಿಮೆ.

ಹೊಗೆಕೊಳವೆ ನೆಟ್ಟಗೆ ಮೇಲಕ್ಕೆ ನಿಂತ ಮೊದಲ ಗಾಡಿ ಹತ್ತು ನಿಮಿಷ ನಿಂತಲ್ಲೇ ಓಡಿದ್ದಕ್ಕೆ ಮೇಲಿನ ಬಳ್ಳಿಯ ನಾಲ್ಕೈದು ಎಲೆ ಬೆಂದ ಪಾಲಕದ ಹಾಗೆ ಬಾಡಿ ಜೋತುಬಿದ್ದಿದ್ದವು. ತೋಟಕ್ಕೆ ಕೊಳವೆ ಕೆಳಮುಖವಾಗಿರುವುದೇ ಆಗಬೇಕು.

ದರದ ಮಾತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೆಯ ಕೊಟೇಶನ್ ಇದ್ದವರು ಹೊಸದು ತೆಗೆಸಬೇಕು. ಸಹಾಯಧನಕ್ಕೆ ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ) ಗುರುತಿನ ಸಂಖ್ಯೆ, ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಗಾಡಿ ಕೊಳ್ಳುವ ಮೊದಲೇ ಹೋಗಬೇಕು, ಕೊಂಡ ಮೇಲಲ್ಲ.

ಸಂಜೆ ಎರಡನೆಯ ಗಾಡಿಗೆ ಮುಂಗಡ ಕೊಟ್ಟಾಯಿತು. ಹೋಗುವ ಮೊದಲು ಅದರ ಚಾಲಕ ಕ್ಲಚ್ ಪೆಡಲಿನ ಪಕ್ಕದ ಪುಟ್ಟ ಕೊಕ್ಕೆಯೊಂದನ್ನು ತೋರಿಸಿದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಕೊಟ್ಟಿಗೆಯಲ್ಲಿ ನಿಂತೇ ಇರುತ್ತದೆ. ಶಿರಸಿಯ ತೇವಕ್ಕೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕು ಹಿಡಿದು ಅಂಟಿಕೊಂಡುಬಿಡುತ್ತದೆ. ಪೆಡಲು ಪೂರ್ತಿ ತುಳಿದು ಆ ಕೊಕ್ಕೆ ಸಿಕ್ಕಿಸಿಟ್ಟರೆ ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ. ಡೀಸೆಲ್ ಟ್ಯಾಂಕು ಕಂಠಮಟ್ಟ ತುಂಬಿಸಿಡಬೇಕು, ಖಾಲಿ ಬಿಟ್ಟಷ್ಟೂ ಒಳಗೆ ನೀರು ಬೆವರುತ್ತದೆ. ಬ್ಯಾಟರಿಯ ವೈರು ಬಿಚ್ಚಿಡಬೇಕು. ಬಾನೆಟ್ ಒಳಗೆ ಇಲಿ ಗೂಡು ಕಟ್ಟಿದೆಯೋ ಎಂದು ವಾರಕ್ಕೊಮ್ಮೆ ತೆರೆದು ನೋಡಬೇಕು. ಕರಡದ ಹುಲ್ಲು ಪಕ್ಕದಲ್ಲೇ ಒಟ್ಟಿದ ಕೊಟ್ಟಿಗೆಯಲ್ಲಂತೂ ಅದು ಕಟ್ಟದೆ ಇರುವುದಿಲ್ಲ.